ಆಷಾಢಕ್ಕೆ ತವರಿಗೆ ಹೋದ ಹಸುಗಳು

ನನ್ನ ಗೆಳೆಯ ಸಮುದ್ರ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ, ಆದರೆ ನೋಡದಿದ್ದರೆ ನನಗೇನೂ ಊಟ ಸೇರದೆ ಹೋಗುತ್ತಿರಲಿಲ್ಲ. ಅವನದು ಹಾಗಲ್ಲ. ಕ್ಷೌರದಂಗಡಿಯ ಕ್ಯಾಲೆಂಡರಿನಲ್ಲಿ ಅಲೆಗಳ ಚಿತ್ರ ನೋಡಿದಂದಿನಿಂದ ಅವನಿಗೆ ಅದೇ ಹುಚ್ಚು. "ಗಾಳಿ ನಿಂತ್ರೂ ನೀರು ಎದ್ದೆದ್ದು ಬರುತ್ತಂತೆ ಕಣೋ. ಯಾರೋ ತಳ್ಳೋರು ಅದನ್ನ?" ಎಂದು ಕೇಳುತ್ತಿದ್ದ. ಮೇಷ್ಟರ ಮಗನಾದ್ದರಿಂದ ನನಗೆ ಎಲ್ಲ ಗೊತ್ತಿರುತ್ತದೆಂದು ಅವನ ನಂಬಿಕೆ. ನಾನು "ಚಂದ್ರ" ಎಂದು ಹೇಳಿ ಗಂಭೀರವಾಗಿ ಕೂರುತ್ತಿದ್ದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ.

ನಾವಿದ್ದದ್ದು ರಾಜಾಜಿನಗರದಲ್ಲಿ. ಆಗತಾನೇ ಬ್ಲಾಕುಗಳನ್ನು ಗೆರೆ ಎಳೆದು ಹಂಚಿದ್ದರು. ಮನೆ ಹತ್ತು, ಖಾಲಿ ಸೈಟು ಮೂವತ್ತು, ಮಿಕ್ಕಿದ್ದೆಲ್ಲ ಕೆಂಪು ಧೂಳು. ನಾನು ಅಲ್ಲೇ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಫಿಟ್ಟರ್. ಗೆಳೆಯನ ಮನೆ ಮಾರೇನಹಳ್ಳಿಯಲ್ಲಿ. ಈಗ ವಿಜಯನಗರ ಅನ್ನುವ ಕಡೆಯಲ್ಲೆಲ್ಲ ಆಗ ರಾಗಿ ಹೊಲ, ನಡುವೆ ಕಾಲುದಾರಿ. ಅವನಿಗೆ ಎರಡು ಹಸು. ದಿನಾ ಬೆಳಗ್ಗೆ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ನಮ್ಮ ಬೀದಿಗೆಲ್ಲ ಹಾಲು ಹಾಕುತ್ತಿದ್ದ. ನಮ್ಮ ಸ್ನೇಹ ಶುರುವಾದದ್ದೂ ಹಾಗೆಯೇ. ಹಾಲಿಗೆ ನೀರು ಬೆರೆಸಿದ್ದಾನೆಂದು ನಾನು ಜಗಳ ತೆಗೆದೆ, ಅವನು ನಮ್ಮ ಮನೆಯ ಪಾತ್ರೆಯಲ್ಲೇ ನೀರಿತ್ತೆಂದು ತೋರಿಸಿಕೊಟ್ಟ.

ಹಸು ಕಟ್ಟಿದವನಿಗೆ ಸಮುದ್ರವೆಲ್ಲಿಂದ ಬರಬೇಕು? ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಕರೆಯಲೇಬೇಕು. ಅವರಪ್ಪನಿಗೆ ಕಣ್ಣು ಮಂಜು, ಅಮ್ಮನಿಗೆ ಕೈ ನಡುಕ. ಹನ್ನೆರಡು ವರ್ಷದ ಹುಡುಗನಾಗಿದ್ದಾಗಿನಿಂದ ಅವನು ಒಂದು ರಾತ್ರಿಯೂ ಊರು ಬಿಟ್ಟು ಮಲಗಿದವನಲ್ಲ. ಆ ವರ್ಷ ಮಾತ್ರ ದೇವರು ಕಣ್ಣು ಬಿಟ್ಟ. ಅಕ್ಕನ ಗಂಡ, ಅವನ ಭಾವ, ಜ್ಯೇಷ್ಠ ಮಾಸದ ಕೊನೆಯಲ್ಲಿ ಎಂಟು ದಿನ ಬಂದಿದ್ದು ಹಸು ನೋಡಿಕೊಳ್ಳುತ್ತೇನೆಂದು ಒಪ್ಪಿದರು. ಆಷಾಢ ಹುಟ್ಟಿದರೆ ಅವರಿಗೆ ತಮ್ಮ ಊರಲ್ಲಿ ಬಿತ್ತನೆ. ಆ ಎಂಟು ದಿನ ತಪ್ಪಿದರೆ ಮತ್ತೆ ಯಾವ ಕಾಲಕ್ಕೋ ಹೇಳುವಂತಿರಲಿಲ್ಲ. "ಕರ್ಕೊಂಡ್ ಹೋಗ್ತೀನಿ ಕಣೋ, ಇದು ನನ್ನ ಮಾತು" ಎಂದು ನಾನು ಅವನ ಕೈ ಮೇಲೆ ಕೈ ಹೊಡೆದೆ.

ಹೋಗುವುದು ಹೇಗೆ? ಹೋಟೆಲು, ಛತ್ರ ಎಲ್ಲ ನಮ್ಮ ಜೇಬಿಗೆ ಹೊಂದುವಂಥದ್ದಲ್ಲ. ಆದರೆ ಅವರ ಹುಲ್ಲಿನ ಕೊಟ್ಟಿಗೆಯಲ್ಲಿ ಒಂದು ಹಳೆಯ ವ್ಯಾನಿತ್ತು. ಯುದ್ಧದ ಕಾಲದ ಮಿಲಿಟರಿ ಆಂಬ್ಯುಲೆನ್ಸು, ಮಿಲಿಟರಿಯವರ ಡಿಸ್ಪೋಸಲ್ ಹರಾಜಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಅವರಪ್ಪ ಮಾರ್ಕೆಟ್ಟಿಗೆ ತರಕಾರಿ ಸಾಗಿಸಲು ತಂದಿದ್ದರು. ಮೈಮೇಲೆ ಮಾಸಿದ ಕೆಂಪು ಗುರುತು, ಒಳಗೆ ಬದನೆಕಾಯಿ ವಾಸನೆ. ಎಡಕ್ಕೊಂದು ಬಲಕ್ಕೊಂದು ಸ್ಟ್ರೆಚರ್ ಇಡುವ ಕಂಬಿಗಳು ಹಾಗೇ ಇದ್ದವು. ಅದನ್ನು ನೋಡಿದ ಕೂಡಲೇ ನನ್ನ ತಲೆಯಲ್ಲಿ ದೀಪ ಹತ್ತಿತು: ಕಂಬಿಯ ಮೇಲೆ ಹಲಗೆ ಹಾಕಿದರೆ ಎರಡು ಮಂಚ, ಮೂಲೆಗೊಂದು ಒಲೆ, ಗಾಡಿಯೇ ಮನೆ! ಬಾಡಿಗೆಯಿಲ್ಲ, ಮನೆ ಮಾಲೀಕನ ಕಾಟವಿಲ್ಲ.

ನನ್ನ ಗೆಳೆಯನಿಗೆ ಒಂದು ಗುಣವಿತ್ತು. ನಾನು ಎಂಥ ಹುಚ್ಚು ಉಪಾಯ ಹೇಳಿದರೂ ಅವನು "ಆಗಲ್ಲ" ಎನ್ನುತ್ತಿರಲಿಲ್ಲ. "ಮಾಡಣ ಬಿಡು" ಎನ್ನುತ್ತಿದ್ದ. ಸೀಮೆಎಣ್ಣೆ ಡಬ್ಬಕ್ಕೆ ನಲ್ಲಿ ಜೋಡಿಸಿ ವ್ಯಾನಿನ ನೆತ್ತಿಯ ಮೇಲೆ ಕೂರಿಸಿದರೆ ಬಿಸಿಲಿಗೆ ನೀರು ಕಾದು ಬಿಸಿನೀರಿನ ಸ್ನಾನ ಎಂದೆ. ಮಾಡಣ ಬಿಡು ಎಂದ. ಅಂಗಳದಲ್ಲಿ ಓಡಿಸಿ ನೋಡಿದಾಗ ಮೊದಲ ತಿರುವಿನಲ್ಲೇ ಡಬ್ಬ ಜಾರಿ ಪಕ್ಕದಲ್ಲಿ ನಿಂತಿದ್ದ ಅವರಪ್ಪನ ಮೇಲೆ ಬಿತ್ತು, ನೀರು ಮಾತ್ರ ನಿಜವಾಗಿಯೂ ಬಿಸಿಯಾಗಿತ್ತು. ಅಪ್ಪನ ಶಾಲೆಯ ಅಟ್ಲಾಸು ನೋಡಿ ನಾನು ವ್ಯಾನಿನ ಒಳಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎಂಟು ದಿನದ ಪಟ್ಟಿ ಬರೆದೆ. ತಾರೀಖಿನ ಸಮೇತ. ಒಂದನೇ ದಿನ ಹಾಸನ, ಎರಡನೇ ದಿನ ಘಾಟಿ. ಮೂರನೇ ದಿನದ ಎದುರಿಗೆ ಏನು ಬರೆಯಬೇಕೆಂದು ಅವನೇ ಹೇಳಿದ: "ಸಮುದ್ರ. ಇಡೀ ದಿನ." ಆಮೇಲೆ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ನಿಂತ.

ಇದೆಲ್ಲ ನಮ್ಮಪ್ಪನಿಗೆ ತಿಳಿಯದಂತೆ ನಡೆಯುತ್ತಿತ್ತು. ಅಪ್ಪ ರಿಟೈರಾದ ಮೇಷ್ಟ್ರು. ಕಾರಣವಿಲ್ಲದೆ ಪ್ರಯಾಣ ಮಾಡುವುದು ಸೋಮಾರಿಗಳ ಲಕ್ಷಣ ಎಂಬುದು ಅವರ ಸಿದ್ಧಾಂತ. ಅದಕ್ಕೇ ನಾನು ಸಾಮಾನನ್ನು ಗುಟ್ಟಾಗಿ ಸಾಗಿಸುತ್ತಿದ್ದೆ. ಸಂಜೆ ಕೆಲಸ ಬಿಟ್ಟ ಮೇಲೆ ಸೈಕಲ್ ಕ್ಯಾರಿಯರಿಗೆ ಒಂದು ದಿನ ಸ್ಟವ್, ಇನ್ನೊಂದು ದಿನ ಎರಡು ತಟ್ಟೆ ಎರಡು ಲೋಟ, ಮತ್ತೊಂದು ದಿನ ಸುರುಳಿ ಸುತ್ತಿದ ಹಾಸಿಗೆ ಕಟ್ಟಿಕೊಂಡು ಮಾರೇನಹಳ್ಳಿ ಕಡೆ ತುಳಿಯುತ್ತಿದ್ದೆ. ಕಿಟಕಿಗೆ ಪರದೆ ಬೇಕಾಯಿತು. ಕೊಳ್ಳುವುದೇಕೆ ಎಂದು ಎದುರುಮನೆಯಾಕೆಯ ಹತ್ತಿರ ಹೋಗಿ ಒಂದು ಹಳೆ ಸೀರೆ ಇದ್ದರೆ ಕೊಡಿ ಎಂದು ಕೇಳಿದೆ.

"ಸೀರೆನಾ? ಯಾರಿಗಪ್ಪಾ?"

"ಹೀಗೇ... ಗೊತ್ತಿರೋರಿಗೆ."

"ಎಂಥಾದ್ದು ಬೇಕು? ವಯಸ್ಸಾದೋರು ಉಡೋದಾ, ಚಿಕ್ಕೋರು ಉಡೋದಾ?"

"ಹೂವು ಇರೋದಿದ್ರೆ ಚೆನ್ನಾಗಿರುತ್ತೆ" ಎಂದೆ. ಎಂಥ ಪೆದ್ದ ನಾನು! ಆಕೆ ಗುಲಾಬಿ ಹೂವಿನ ಸೀರೆ ಕೊಟ್ಟು, ನಾನು ಬೀದಿ ದಾಟುವವರೆಗೂ ಗೇಟಿನಲ್ಲೇ ನಿಂತಿದ್ದರು. ನಾನು ಅದನ್ನು ವಾತ್ಸಲ್ಯ ಎಂದುಕೊಂಡೆ.

ಈ ಗಡಿಬಿಡಿಯ ನಡುವೆ ಅಪ್ಪ ನನ್ನನ್ನು ಹೆಣ್ಣು ನೋಡಲು ಕೆಂಗೇರಿಗೆ ಕರೆದುಕೊಂಡು ಹೋದರು. ಹುಡುಗಿಯ ತಂದೆ ಶೇಕದಾರರಾಗಿದ್ದವರು; ಹಳ್ಳಿ ಹಳ್ಳಿ ತಿರುಗಿ ಜಮೀನು ಅಳೆದು ಮಹಜರು ಬರೆದೇ ತಲೆ ನರೆಸಿಕೊಂಡವರು. ಜಾತಕ ಮೊದಲೇ ಕೂಡಿತ್ತು. ಹುಡುಗಿ ಉಪ್ಪಿಟ್ಟು, ಕೇಸರಿಬಾತು ತಂದಿಟ್ಟಳು. ಹುಡುಗನಿಗೆ ಏನಾದರೂ ಕೇಳುವುದಿದ್ದರೆ ಕೇಳಲಿ ಎಂದರು. ಸಾಮಾನ್ಯವಾಗಿ ಹಾಡು ಬರುತ್ತಾ, ಹೊಲಿಗೆ ಬರುತ್ತಾ ಎಂದು ಕೇಳುತ್ತಾರೆ. ನನ್ನ ತಲೆ ತುಂಬ ವ್ಯಾನು. "ಉಪ್ಪಿಟ್ಟು ಬಹಳ ಚೆನ್ನಾಗಿದೆ. ಇಬ್ಬರಿಗೆ ಮಾಡೋದಾದ್ರೆ ಎಷ್ಟು ರವೆ, ಎಷ್ಟು ನೀರು?" ಎಂದು ಕೇಳಿಬಿಟ್ಟೆ. ಅಪ್ಪ ಕೆಮ್ಮಿದರು. ಹುಡುಗಿ ತಲೆ ಎತ್ತಿ ನನ್ನನ್ನು ನೋಡಿ, "ತಿನ್ನೋರು ನಿಮ್ಮಂಥೋರಾದ್ರೆ ಇಬ್ಬರ ಲೆಕ್ಕ ಸಾಲಲ್ಲ" ಎಂದಳು. ನನ್ನ ತಟ್ಟೆ ಆಗಲೇ ಖಾಲಿಯಾಗಿತ್ತು. ಅವಳು ನಕ್ಕ ರೀತಿ ನೋಡಿ ನಾನು ಅಲ್ಲೇ ಮನಸ್ಸು ಕೊಟ್ಟೆ, ಮುಚ್ಚಿಟ್ಟುಕೊಳ್ಳುವುದೇನಿದೆ.

ಹತ್ತು ದಿನದ ಮೇಲೆ ಶೇಕದಾರರ ಕಾರ್ಡು ಬಂತು. ಜಾತಕ ಕೂಡಿಬರಲಿಲ್ಲ, ಕ್ಷಮಿಸಬೇಕು, ಎಂದಿತ್ತು. ನಾನು ಅದನ್ನು ಹಿಂದೆ ಮುಂದೆ ತಿರುಗಿಸಿ ಎರಡು ಸಲ ಓದಿದೆ. ಕೂಡಿದ ಜಾತಕ ಮತ್ತೆ ಬಿಟ್ಟುಕೊಂಡದ್ದು ಹೇಗೆ ಎಂದು ಅಪ್ಪನಿಗೂ ಬಗೆಹರಿಯಲಿಲ್ಲ. ಅವರು ಕೊಡೆ ಹಿಡಿದು ಮೂಲೆಯ ಅಂಗಡಿಗೆ ಹೋಗಿ ವಿಚಾರಿಸಿಕೊಂಡು ಬಂದರು. ಹೆಣ್ಣಿನ ಕಡೆಯವರು ಮಾತು ಕೊಡುವ ಮೊದಲು ಗಂಡಿನ ಬೀದಿಗೆ ಬಂದು ಯಾರಿಗೂ ಗೊತ್ತಾಗದ ಹಾಗೆ ನಾಲ್ಕು ಜನರನ್ನು ಕೇಳುವುದು ನಮ್ಮಲ್ಲಿ ರೂಢಿ. ಶೇಕದಾರರು ಸೈಟು ನೋಡುವ ನೆಪದಲ್ಲಿ ಬಂದು, ಅಂಗಡಿಯವರನ್ನು ಕೇಳಿ, ನೇರವಾಗಿ ಎದುರುಮನೆಯಾಕೆಯ ಜಗಲಿಯ ಮೇಲೆ ಕೂತಿದ್ದರಂತೆ.

ಅಪ್ಪ ಬಾಗಿಲು ಹಾಕಿಕೊಂಡು ನನ್ನೆದುರು ಕೂತರು. "ಯಾರೋ ಅವಳು?"

"ಯಾರಪ್ಪಾ?"

"ಮಾರೇನಹಳ್ಳೀಲಿ ಇಟ್ಟಿದೀಯಲ್ಲ, ಅವಳು! ಸ್ಟವ್ ತಗೊಂಡ್ ಹೋಗಿದೀಯ. ಹಾಸಿಗೆ ತಗೊಂಡ್ ಹೋಗಿದೀಯ. ತಟ್ಟೆ ಎರಡು. ಎದುರುಮನೆಯವರ ಹತ್ರ ಸೀರೆ ಬೇಡಿ ತಗೊಂಡ್ ಹೋಗಿದೀಯಲ್ಲೋ, ಹೂವಿಂದೇ ಬೇಕು ಅಂತ!"

ನನಗೆ ನಗು ಬಂತು, ನಗುವ ಹೊತ್ತಲ್ಲವಾದ್ದರಿಂದ ಬಿಕ್ಕಳಿಕೆ ಬಂತು. "ಅವಳಲ್ಲಪ್ಪಾ, ಅದು ವ್ಯಾನು" ಎಂದೆ. ಅಪ್ಪ ನಂಬಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಮಾರನೆಯ ಬೆಳಗ್ಗೆ ಹಾಲು ತಂದ ಗೆಳೆಯನಿಗೆ ವಿಷಯ ಹೇಳಿದೆವು. ಅವನು ಕ್ಯಾನು ಕೆಳಗಿಟ್ಟು, ನಮ್ಮ ಜಗಲಿಯ ಮೇಲೆ ಮಲಗಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣೀರು ಒರೆಸಿಕೊಂಡು ಎದ್ದವನು ನನ್ನ ಮುಖ ನೋಡಿ ತೆಪ್ಪಗಾದ. "ಆ ಹುಡುಗಿ ಅಷ್ಟು ಇಷ್ಟಾನಾ?" ಎಂದ. ನಾನು ಹೂಂ ಎಂದೆ. "ಹಂಗಾದ್ರೆ ಅಳೋದ್ಯಾಕೆ? ಮೇಷ್ಟ್ರೇ, ಕೋಟು ಹಾಕ್ಕೊಳ್ಳಿ. ಆ ಸಂಸಾರಾನೇ ಕೆಂಗೇರಿಗೆ ಕರ್ಕೊಂಡ್ ಹೋಗಿ ತೋರ್ಸಣ."

ಹೀಗೆ ನಮ್ಮ ವ್ಯಾನಿನ ಮೊದಲ ಪ್ರಯಾಣ ಕೆಂಗೇರಿಗೆ ಆಯಿತು. ಮುಂದೆ ಗೆಳೆಯ, ಅವನ ಪಕ್ಕ ಕೊಡೆ ಹಿಡಿದ ಅಪ್ಪ, ಹಿಂದೆ ಮಂಚದ ಮೇಲೆ ನಾನು. ಆಂಬ್ಯುಲೆನ್ಸು ಬಂದು ನಿಂತದ್ದು ನೋಡಿ ಅಕ್ಕಪಕ್ಕದವರೆಲ್ಲ ಶೇಕದಾರರಿಗೇ ಏನೋ ಆಯಿತೆಂದು ಓಡಿಬಂದರು. ಶೇಕದಾರರು ಪೇಟ ಸರಿಮಾಡಿಕೊಂಡು ಹೊರಗೆ ಬಂದರು. ಗೆಳೆಯ ಕೈಮುಗಿದು, "ಯಜಮಾನ್ರೇ, ನಮ್ಮ ಹುಡುಗ ಇಟ್ಟಿರೋದು ಇದನ್ನೇ. ಹತ್ತಿ ನೋಡಿ" ಎಂದ.

ಅವರು ನೋಡಿದ್ದು ಸುಮ್ಮನೆ ಅಲ್ಲ. ಹಳೆಯ ಉದ್ಯೋಗ ಮೈಯಲ್ಲಿ ಎದ್ದುಬಂತು. ಒಳಗೆ ಬಗ್ಗಿ ನಿಂತು ಒಂದೊಂದನ್ನೇ ಮುಟ್ಟಿ ಗಟ್ಟಿಯಾಗಿ ಹೇಳಿದರು. "ತಟ್ಟೆ ಎರಡು. ಲೋಟ ಎರಡು. ಸೀರೆ ಒಂದು."

"ಪರದೆ, ಸ್ವಾಮಿ" ಎಂದೆ ನಾನು ಹೊರಗಿನಿಂದ.

"ಪರದೆಯಾಗಿ ಪರಿವರ್ತನೆಯಾದ ಸೀರೆ ಒಂದು" ಎಂದು ಅವರು ತಿದ್ದಿದರು. ದಿಂಬನ್ನು ಎತ್ತಿ ಮೂಸಿದರು. ಮಲ್ಲಿಗೆಯ ವಾಸನೆ ಹುಡುಕುತ್ತಿದ್ದರೆಂದು ಕಾಣುತ್ತದೆ, ಸಿಕ್ಕಿದ್ದು ಬದನೆಕಾಯಿ. ಹಾಸಿಗೆಯ ಕೆಳಗೆ, ಅಕ್ಕಿ ಡಬ್ಬದ ಹಿಂದೆ ನೋಡಿದರು. ಬಾಚಣಿಗೆಯಿಲ್ಲ, ಬಳೆಯ ಚೂರಿಲ್ಲ, ಕುಂಕುಮದ ಗುರುತಿಲ್ಲ. ಮೂಲೆಯಲ್ಲಿ ವಾರದಿಂದ ತೊಳೆಯದ ಪಾತ್ರೆ ಕಂಡ ಮೇಲೆ ಅವರ ಮುಖ ಸಡಿಲವಾಯಿತು. "ಮೇಷ್ಟ್ರೇ, ಇಲ್ಲಿ ಹೆಂಗಸು ವಾಸ ಮಾಡೋಕೆ ಸಾಧ್ಯವೇ ಇಲ್ಲ" ಎಂದು ತೀರ್ಪು ಕೊಟ್ಟರು.

ಬಾಗಿಲಲ್ಲಿ ನಿಂತಿದ್ದ ಹುಡುಗಿ ಯಾರನ್ನೂ ಕೇಳದೆ ಬಂದು ಒಳಗೆ ಇಣುಕಿದಳು. "ಪರದೆ ಕೆಳಗೇ ಸ್ಟವ್ ಇಟ್ಟಿದೀರಲ್ಲ! ಮೊದಲನೇ ಉಪ್ಪಿಟ್ಟಿಗೇ ಮನೆ ಬೂದಿ" ಎಂದಳು. ಗೆಳೆಯ ನನ್ನ ಪಕ್ಕೆಗೆ ತಿವಿದು, "ಬಿಡಬೇಡ ಕಣೋ ಇವ್ರನ್ನ" ಎಂದ.

ಎಲ್ಲ ಸಲೀಸಾಯಿತು, ಕೋಡುಬಳೆಯ ತಟ್ಟೆಯೂ ಬಂತು ಎನ್ನುವಷ್ಟರಲ್ಲಿ ಶೇಕದಾರರು ಪಂಚಾಂಗ ತರಿಸಿದರು. ಆಷಾಢದಲ್ಲಿ ಮದುವೆಯಿಲ್ಲ. ಶ್ರಾವಣದವರೆಗೆ ಕಾದರೆ ಊರಿನ ಬಾಯಿ ಸುಮ್ಮನಿರುವುದಿಲ್ಲ. ಇರುವುದೊಂದೇ ಮುಹೂರ್ತ, ಜ್ಯೇಷ್ಠದ ಕೊನೆಯ ವಾರ. ಅದೇ ಎಂಟು ದಿನ. ಅವರು ಬೆರಳಿಟ್ಟದ್ದು ನಮ್ಮ ಮೂರನೇ ದಿನದ ಮೇಲೆ. ನಾನು ಗೆಳೆಯನ ಕಡೆ ನೋಡಿದೆ. ನನ್ನ ಕಡೆಯೇ ನೋಡುತ್ತಿದ್ದವನು ಶೇಕದಾರರತ್ತ ತಿರುಗಿ, "ಇಟ್ಕೊಳ್ಳಿ ಯಜಮಾನ್ರೇ. ಗಾಡೀನೂ ಖಾಲಿ ಇದೆ, ನಾನೂ ಖಾಲಿ ಇದೀನಿ, ಓಡಾಟಕ್ಕೆ ಆಯ್ತು" ಎಂದ. ನಾನು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಎಲ್ಲಿ ಹುಡುಗಿ ಮತ್ತೆ ಕೈತಪ್ಪುತ್ತಾಳೋ ಎಂಬ ಹೆದರಿಕೆ ಒಂದು ಕಡೆ, ಖುಷಿ ಇನ್ನೊಂದು ಕಡೆ. ಹೆದರಿಕೆಗಿಂತ ಖುಷಿಯೇ ಹೆಚ್ಚಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಸಮುದ್ರಕ್ಕೆ ಹೋಗಬೇಕಿದ್ದ ವ್ಯಾನು ಕುಂಬಳಕಾಯಿ, ಬಾಳೆಲೆ, ಅಡಿಗೆಯವರು, ವಾಲಗದವರು, ನಮ್ಮ ತುಮಕೂರಿನ ಅತ್ತೆಯರು ಎಲ್ಲರನ್ನೂ ಹೊತ್ತಿತು. ಗೆಳೆಯ ಎಂಟು ದಿನವೂ ಸ್ಟಿಯರಿಂಗ್ ಬಿಡಲಿಲ್ಲ. ಮದುವೆ ಮುಗಿಯಿತು, ಭಾವ ಬಿತ್ತನೆಗೆ ಊರಿಗೆ ಹೋದರು, ಅವನು ಹಸುಗಳ ಹತ್ತಿರ ಹೋದ. ಸಮುದ್ರದ ಮಾತನ್ನೇ ಎತ್ತಲಿಲ್ಲ. ಅದು ನನಗೆ ಬೈದಿದ್ದಕ್ಕಿಂತ ಕಷ್ಟವಾಯಿತು.

ಅಷ್ಟರಲ್ಲಿ ಆಷಾಢ ಬಂತು. ಹೊಸದಾಗಿ ಮದುವೆಯಾದವಳು ಆ ತಿಂಗಳು ತವರಿನಲ್ಲಿರಬೇಕು, ಅಳಿಯ ಅತ್ತೆಯ ಹೊಸ್ತಿಲು ತುಳಿಯಬಾರದು, ತುಳಿದರೆ ಅತ್ತೆಗೆ ಕೇಡು. ಯಾವ ಪುಣ್ಯಾತ್ಮ ಈ ಶಾಸ್ತ್ರ ಮಾಡಿದನೋ! ಹಿಂದಿನ ದಿನ ಗೆಳೆಯನೇ ನಮ್ಮನ್ನು ವ್ಯಾನಿನಲ್ಲಿ ಕೆಂಗೇರಿಗೆ ಕರೆದೊಯ್ದ. ಹಿಂದೆ ಮಂಚದ ಮೇಲೆ ಕೂತಿದ್ದ ನನ್ನ ಹೆಂಡತಿ ಗೋಡೆಯ ಮೇಲಿನ ಸೀಮೆಸುಣ್ಣದ ಪಟ್ಟಿಯನ್ನು ಓದಿದಳು.

"ಮೂರನೇ ದಿನ ಸಮುದ್ರ, ಇಡೀ ದಿನ... ರೀ, ಈ ತಾರೀಖು ನಮ್ಮ ಧಾರೆ ಆಗಿದ್ದಲ್ವಾ?"

ನಾನು ಎಲ್ಲವನ್ನೂ ಹೇಳಿದೆ. ಕೇಳುತ್ತಾ ಕೇಳುತ್ತಾ ಅವಳ ಮುಖ ಕೆಂಪಾಯಿತು. "ಅವ್ರು ಬಾಯಿ ಮುಚ್ಕೊಂಡಿದ್ದು ದೊಡ್ಡತನ. ನೀವು ಮುಚ್ಕೊಂಡಿದ್ದು ಯಾಕೆ?" ಎಂದಳು. ಮದುವೆಯಾಗಿ ಒಂದು ವಾರವೂ ಆಗಿರಲಿಲ್ಲ. ಆಮೇಲೆ ಮುಂದಿನ ಸೀಟಿನ ಕಡೆ ಬಗ್ಗಿ, "ಅಣ್ಣಾ, ನಿಮ್ಮ ಹಸು ಒದೀತಾವಾ?" ಎಂದು ಕೇಳಿದಳು.

"ಕೆಂದು ಒದೆಯುತ್ತೆ ತಂಗ್ಯವ್ವ. ಕಪ್ಪು ಸಾಧು. ಯಾಕೆ?"

"ಕೆಂಗೇರಿಗೆ ಹೊಡ್ಕೊಂಡ್ ಬನ್ನಿ. ನಮ್ಮ ಕೊಟ್ಟಿಗೇಲಿ ಜಾಗ ಇದೆ. ಎಂಟು ದಿನ ನಾನು ಕರೀತೀನಿ. ನೀವಿಬ್ರೂ ಹೋಗಿ ಬನ್ನಿ."

ಗೆಳೆಯ ಗಾಡಿ ನಿಲ್ಲಿಸಿಬಿಟ್ಟ. ಹಿಂದಿನಿಂದ ಬಂದ ಜಟಕಾದವನು ಬೈದುಕೊಂಡು ಹೋದ. ಗೆಳೆಯನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

ನನ್ನ ಮಾವ ಸುಲಭಕ್ಕೆ ಒಪ್ಪುವವರಲ್ಲ. ಆಷಾಢದಲ್ಲಿ ಪ್ರಯಾಣವೇ, ಘಾಟಿಯಲ್ಲಿ ಮಳೆಯೇ ಎಂದು ಶುರುಮಾಡಿದರು. ಅವಳು ತಣ್ಣಗೆ ಹೇಳಿದಳು: "ಅಪ್ಪಾ, ಇವ್ರು ಊರಲ್ಲಿದ್ರೆ ಏನಾದ್ರೂ ನೆಪ ಮಾಡ್ಕೊಂಡು ಇಲ್ಲಿಗೆ ಬರ್ತಾರೆ. ಆ ಮುಖ ನೋಡಿ, ಬರೋ ಮುಖಾನೇ ಅದು. ಹೊಸ್ತಿಲು ದಾಟಿಬಿಟ್ರೆ ಅಮ್ಮನ ಗತಿ ಏನು?"

ಮಾವ ನನ್ನ ಮುಖವನ್ನು ಪರೀಕ್ಷಿಸಿದರು. "ಸಮುದ್ರ ಎಷ್ಟು ದೂರ?"

"ಇನ್ನೂರು ಮೈಲಿಗಿಂತ ಜಾಸ್ತಿ" ಎಂದೆ.

"ಹೋಗಿ" ಎಂದರು. ವರ್ಕ್‌ಶಾಪಿನ ಮಾಲೀಕರು, ಆಷಾಢದ ಮದುಮಗನಿಂದ ಹೇಗೂ ಕೆಲಸ ಆಗುವುದಿಲ್ಲವೆಂದು ಸಂಬಳವಿಲ್ಲದ ರಜೆ ಕೊಟ್ಟರು.

ಎರಡು ಹಸುಗಳನ್ನು ಮಾರೇನಹಳ್ಳಿಯಿಂದ ಕೆಂಗೇರಿಗೆ ನಡೆಸಿಕೊಂಡು ಹೋದೆವು. ಮುಂದೆ ಹಗ್ಗ ಹಿಡಿದ ಗೆಳೆಯ, ಹಿಂದೆ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ನಾನು. ಮೈಸೂರು ರಸ್ತೆಯಲ್ಲಿ ಯಾರೋ ಸೈಕಲ್ಲಿನವರು, "ಏನಣ್ಣ, ಹಸು ಮಾರಿಬಿಟ್ರಾ?" ಎಂದು ಕೇಳಿದರು.

"ಇಲ್ಲ ಸಾರ್, ಆಷಾಢ ಅಲ್ವಾ, ತವರಿಗೆ ಕಳಿಸ್ತಾ ಇದೀವಿ" ಎಂದ ಗೆಳೆಯ. ಅವರು ಬಹಳ ದೂರ ತಿರುಗಿ ತಿರುಗಿ ನೋಡುತ್ತಾ ಹೋದರು.

ಕೆಂಗೇರಿ ತಲುಪಿದ ಮೇಲೆ ನಾನು ಬೀದಿಯಲ್ಲೇ ನಿಲ್ಲಬೇಕಾಯಿತು. ಹೆಂಡತಿ ಹೊರಗೆ ಬಂದು ಹಗ್ಗ ತೆಗೆದುಕೊಂಡಳು. ಕೆಂದಹಸುವಿನ ಬೆನ್ನಿನ ಆಚೆ ಅವಳು, ಈಚೆ ನಾನು. ಜಗಲಿಯಿಂದ ಮಾವ ಕೆಮ್ಮಿದರು. ಎಂಟು ದಿನ ನಮ್ಮ ಬೀದಿಗೆ ಹಾಲಿಲ್ಲ ಎಂದು ತಿಳಿಸುವ ಕೆಲಸ ನನಗೆ ಬಿತ್ತು. ಎದುರುಮನೆಯಾಕೆಗೆ ನಾನು ಬೇಕೆಂದೇ ಕೊನೆಯಲ್ಲಿ ತಿಳಿಸಿದೆ.

ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಘಾಟಿಯಲ್ಲಿ ಮಳೆ ಹುಯ್ದ ರೀತಿಗೆ ಗಾಡಿಯೊಳಗೇ ಕೊಡೆ ಬಿಚ್ಚಿದೆವು. ಮೂರು ಹೊತ್ತೂ ಗೆಳೆಯನ ಅಮ್ಮ ಕೊಟ್ಟ ಹುರಿಹಿಟ್ಟು ತಿಂದೆವು, ಏಕೆಂದರೆ ಒದ್ದೆ ಸ್ಟವ್ ಹತ್ತಲೇ ಇಲ್ಲ. ನಾನು ಗೊಣಗಿದಾಗೆಲ್ಲ ಅವನು ಕುಣಿದಾಡುತ್ತಿದ್ದ. ನಾಲ್ಕನೆಯ ದಿನ ಮಂಗಳೂರು ದಾಟಿ, ತೆಂಗಿನ ತೋಟದ ಪಕ್ಕ ಗಾಡಿ ನಿಲ್ಲಿಸಿ, ಒದ್ದೆ ಮರಳಿನ ಮೇಲೆ ನಡೆದೆವು. ಸಮುದ್ರ ಕಾಣಿಸುವ ಮೊದಲೇ ಅದರ ಸದ್ದು ಕೇಳಿ ಅವನು ನನ್ನ ತೋಳು ಹಿಡಿದುಕೊಂಡ.

ಮಳೆಗಾಲದ ಸಮುದ್ರ. ಕಂದು ಬಣ್ಣ, ಮನೆಯೆತ್ತರದ ಅಲೆ. ಅವನು ಪಂಚೆ ಎತ್ತಿಕಟ್ಟಿ ಮೊಣಕಾಲಷ್ಟು ನೀರಿಗೆ ಇಳಿದು ನಿಂತ. ಅಲೆ ಹಿಂದೆ ಸರಿದಾಗಲೆಲ್ಲ ಕಾಲಡಿಯ ಮರಳು ಜಾರುವುದನ್ನು ಬಗ್ಗಿ ನೋಡುತ್ತಿದ್ದ. ಪಕ್ಕದಲ್ಲಿ ಹೋಗಿ ನಿಂತೆ. ಅವನ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ.

"ಆವತ್ತು ಕೆಂಗೇರೀಲಿ ನಾನು ಸುಮ್ನಿದ್ದುಬಿಟ್ಟೆ ಕಣೋ. ನಿನಗೆ ಮಾತು ಕೊಟ್ಟಿದ್ದೆ. ತಪ್ಪಾಯ್ತು" ಎಂದೆ.

ಅವನು ಸಮುದ್ರದಿಂದ ಕಣ್ಣು ತೆಗೆಯಲಿಲ್ಲ. "ಗೊತ್ತು ಬಿಡೋ. ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ ನಿನ್ನ ಬಾಯನ್ನೇ ನೋಡ್ತಾ ನಿಂತಿದ್ದೆ" ಎಂದ. ಆಮೇಲೆ ಸೇರಿಸಿದ: "ನೀನು ಕೋಡುಬಳೆ ತಿಂತಾ ಇದ್ದೆ."

ಅವನು ನನ್ನ ಕೈ ಹಿಡಿದು ಇನ್ನೊಂದು ಹೆಜ್ಜೆ ನೀರೊಳಕ್ಕೆ ಎಳೆದ.